ಹೊಳೆ ದಂಡೆಯಲ್ಲಿ ನಿಂತ ಎಮ್ಮೆ

ನಾನು ಚಿಕ್ಕವನಿದ್ದಾಗ ಗುಬ್ಬಿಯ ನಮ್ಮ ಮನೆಯಲ್ಲಿ ‘ಹೂಂ’ ಅನ್ನದವರಿಗೆ ಕಥೆ ಇರಲಿಲ್ಲ. ಅಕ್ಕ ಹಜಾರದಲ್ಲಿ ಕೂತು ತೆಂಗಿನ ಗರಿಯಿಂದ ಪೊರಕೆ ಕಡ್ಡಿ ಸೀಳುತ್ತಾ ಕಥೆ ಹೇಳುತ್ತಿದ್ದಳು. ಹಸಿ ಗರಿಯ ವಾಸನೆಯ ನಡುವೆ ಕೂತು ನಾನು ಮಾತುಮಾತಿಗೂ ಹೂಂಗುಟ್ಟಬೇಕು. ತಪ್ಪಿದರೆ ಅವಳ ಕೈಯೂ ನಿಲ್ಲುತ್ತಿತ್ತು, ಕಥೆಯೂ ನಿಲ್ಲುತ್ತಿತ್ತು. “ಎಲ್ಲಿಗೋದ್ಯೋ? ನಾನೇನ್ ಗೋಡೆಗ್ ಹೇಳ್ತಿದೀನಾ?” ಎನ್ನುತ್ತಿದ್ದಳು.

ಅಪ್ಪನಿಗೆ ಕಥೆಯ ಗೊಡವೆ ಇರಲಿಲ್ಲ. ಏಳುವುದು, ಉಣ್ಣುವುದು, ತೋಟಕ್ಕೆ ಹೋಗುವುದು, ಎಲ್ಲಕ್ಕೂ ಅವರಿಗೆ ಗೊತ್ತಾದ ಹೊತ್ತಿತ್ತು. ಆ ಶಿಸ್ತು ನನಗೂ ಅಂಟಿದೆ. ಈಗಲೂ ಕಾಫಿಗೆ ಮೊದಲೇ ಬರೆಯಲು ಕೂರುತ್ತೇನೆ.

ಅಕ್ಕನನ್ನು ಕುಣಿಗಲ್‌ಗೆ ಮದುವೆ ಮಾಡಿಕೊಟ್ಟರು. ಅವಳು ಬಸುರಿ ಎಂದು ಸುದ್ದಿ ಬಂದ ಮೇಲೆ ಒಂದು ದಿನ ಅಪ್ಪ ನನ್ನನ್ನೂ ಕರೆದುಕೊಂಡು ನೋಡಲು ಹೊರಟರು. ತುಮಕೂರಿನಲ್ಲಿ ಬಸ್ಸು ಬದಲಿಸಿದೆವು. ಅಮ್ಮ ಕೊಟ್ಟ ಕೊಬ್ಬರಿ ಮಿಠಾಯಿಯ ಡಬ್ಬಿ ದಾರಿಯುದ್ದಕ್ಕೂ ನನ್ನ ತೊಡೆಯ ಮೇಲೆ ಬೆಚ್ಚಗಿತ್ತು.

ಊಟವಾದ ಮೇಲೆ ಅಕ್ಕ ಹಿತ್ತಲ ಕಟ್ಟೆಯ ಮೇಲೆ ನನ್ನನ್ನು ಕೂರಿಸಿಕೊಂಡು ಹೊಸ ಕಥೆ ತೆಗೆದಳು. ಸಂತೆಯಲ್ಲಿ ಮಾರಿಹೋದ ಎಮ್ಮೆಯೊಂದು ಹುಟ್ಟಿದ ಮನೆಯನ್ನು ಹುಡುಕಿಕೊಂಡು ನಡೆದುಬರುವ ಕಥೆ. ನಾನು ಹೂಂ ಅಂದೆ. ಒಳಗಿನಿಂದ ಅವಳ ಅತ್ತೆ, “ಏನಮ್ಮಾ, ಪಾತ್ರೆ ತೊಳ್ಯೋಕೆ ಆ ಎಮ್ಮೆ ಬತ್ತೈತಾ?” ಅಂದರು. ಅಕ್ಕ ನಕ್ಕು ಎದ್ದುಹೋದಳು. ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಮರಳಿ ಬಂದಳು. ಎಮ್ಮೆ ಹೊಳೆ ದಂಡೆಗೆ ಬಂತು. ಹೊಳೆ ತುಂಬಿ ಹರಿಯುತ್ತಿತ್ತು.

ಅಷ್ಟರಲ್ಲಿ ಅಪ್ಪ ಚಪ್ಪಲಿ ಮೆಟ್ಟಿ ನಿಂತರು. “ಬಸ್ಸಿನ್ ಹೊತ್ತಾಯ್ತು, ಏಳ್ಲಾ.”

“ಮುಂದಿನ್ ಬಸ್ಸಿಗೆ ಹೋಗಪ್ಪಾ, ಇನ್ನೊಂಚೂರೈತೆ,” ಎಂದಳು ಅಕ್ಕ.

“ಹೆರಿಗೆಗೆ ಮನೆಗೇ ಬರ್ತೀಯಲ್ಲ, ಆಗ ಹೇಳೀವಂತೆ ಬುಡು.”

ಅಕ್ಕ ಬರಲಿಲ್ಲ. ಕರೆತರಬೇಕೆಂದಿದ್ದ ತಿಂಗಳಿಗೆ ಮೊದಲೇ ಜ್ವರ ಬಂದು ತೀರಿಹೋದಳು.

ಅದಾದ ಮೇಲೆ ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ, ಅಕ್ಕ ಕೂರುತ್ತಿದ್ದ ಜಾಗಕ್ಕೆ ಅಪ್ಪ ಬಂದು ಕೂತರು. “ಆ ಎಮ್ಮೆ ಕಥೆ ಹೇಳು ಮಗ,” ಅಂದರು. ಹೇಳಿದೆ. ಅಪ್ಪ ಹೂಂ ಅಂದರು. ಎಮ್ಮೆ ಹೊಳೆ ದಂಡೆಗೆ ಬಂತು. ಹೂಂ ಅಂದರು. ಅಲ್ಲಿಂದ ಮುಂದೆ ನನಗೆ ಗೊತ್ತಿರಲಿಲ್ಲ, ಸುಮ್ಮನಾದೆ. ಅಪ್ಪ ಮತ್ತೆ ಹೂಂ ಅಂದರು. ಹೂಂ ಅಂದವರಿಗೆ ಕಥೆ ಹೇಳಲೇಬೇಕು. ಎಮ್ಮೆಯನ್ನು ನಾನೇ ಹೊಳೆಗೆ ಇಳಿಸಿದೆ, ಈಜಿಸಿದೆ, ನಮ್ಮ ತೋಟದ ದಾರಿ ಹಿಡಿಸಿದೆ. ಅದು ಅಂಗಳಕ್ಕೆ ಕಾಲಿಟ್ಟಾಗ ಅಪ್ಪ ಹೂಂ ಅನ್ನಲಿಲ್ಲ. ಹೆಗಲ ಟವಲಿನಲ್ಲಿ ಮುಖ ಮುಚ್ಚಿಕೊಂಡಿದ್ದರು.

ಅದು ನಾನು ಕಟ್ಟಿದ ಮೊದಲ ಕಥೆ. ನೀವು ಕಪಾಟಿನಲ್ಲಿ ನೋಡುವ ನನ್ನ ಪುಸ್ತಕಗಳೆಲ್ಲ ಆಮೇಲಿನವು.

ಮಕ್ಕಳೇ, ಉಪ್ಪಾರಹಳ್ಳಿಯ ಈ ಮನೆಯಲ್ಲಿ ನೀವು ಫೋನಿನಲ್ಲಿ ಕಥೆ ಕೇಳುತ್ತೀರಿ. ನೀವು ನಿದ್ದೆ ಹೋದರೂ ಅದು ತನ್ನಷ್ಟಕ್ಕೆ ಹೇಳುತ್ತಲೇ ಇರುತ್ತದೆ. ನಿಲ್ಲಿಸಿದರೆ ಮರುದಿನ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಒಳ್ಳೆಯದೇ ಆಯಿತು, ನಿಮ್ಮ ಕಥೆ ಅರ್ಧಕ್ಕೆ ಉಳಿಯುವುದಿಲ್ಲ. ನಾನು ಮಾತ್ರ ಈಗಲೂ ಬರೆಯುವಾಗ ಒಂದು ಸಾಲು ಮುಗಿಸಿ ಸ್ವಲ್ಪ ಕಾಯುತ್ತೇನೆ, ಅಕ್ಕ ಹೂಂ ಅನ್ನಲಿ ಎಂದು.