ಕಾಫಿ ಕಣದಲ್ಲಿ ಕಲಿತ ನಡಿಗೆ

ನಾನು ಹೆದರೋ ಹೆಂಗಸಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಮುಂದೆ ಬರೋದೆಲ್ಲ ಹೆದರಿಕೆಯ ಕಥೆಯೇ. ಕೊಟ್ಟಿಗೆಹಾರದಿಂದ ಒಳಗೆ ಹೋದರೆ ಸಿಗುವ ನಮ್ಮ ತೋಟಕ್ಕೆ ಆನೆ ನುಗ್ಗಿದಾಗ ತಗಡು ಬಡಿದು ಓಡಿಸಿದವಳು ನಾನು. ಸೌದೆ ಒಟ್ಟಿಲಲ್ಲಿ ಕಾಳಿಂಗ ಸೇರಿಕೊಂಡಾಗ, ಹಿಡಿಯೋರು ಬರೋ ತನಕ ಕೋಲು ಹಿಡಿದು ಬಾಗಿಲಲ್ಲಿ ಕೂತವಳೂ ನಾನೇ. ಕೆಲಸಕ್ಕೆ ಬರೋರು, ಸಂತೆ ವ್ಯಾಪಾರದವರು, ಕೊನೆಗೆ ನಮ್ಮನೆಯವರು, ಎಲ್ಲರೂ ನನ್ನ ಬಾಯಿಗೆ ಹೆದರುತ್ತಿದ್ದರು. ಇವಳ ದನಿ ಕೇಳಿದರೆ ಹಲಸಿನ ಮರದ ಮಂಗನೂ ಇಳಿದು ಹೋಗತ್ತೆ ಅಂತ ನಮ್ಮನೆಯವರು ನೆಂಟರ ಮುಂದೆ ತಮಾಷೆ ಮಾಡೋರು. ಮೇಲೆ ಮುನಿಸು ತೋರಿಸಿದರೂ ನನಗೆ ಒಳಗೊಳಗೆ ಅದು ಹೆಮ್ಮೆಯೇ.

ಅಂಥ ನನಗೆ ತೊಂಬತ್ತರ ದಶಕದ ಒಂದು ಮಳೆಗಾಲದಲ್ಲಿ ಚಾರ್ಮಾಡಿ ಘಾಟಿ ಬುದ್ಧಿ ಕಲಿಸಿತು. ಮಗಳನ್ನ ಘಟ್ಟದ ಕೆಳಗೆ, ಉಜಿರೆ ಕಡೆ ಕೊಟ್ಟಿದ್ದೆವು. ಅವಳನ್ನ ನೋಡಿಕೊಂಡು ಒಬ್ಬಳೇ ವಾಪಸ್ ಬರ್ತಿದ್ದೆ. ಮಂಜು ಹೇಗಿತ್ತಂದ್ರೆ ಬಸ್ಸಿನ ಮೂತಿ ಬಸ್ಸಿಗೇ ಕಾಣ್ತಿರಲಿಲ್ಲ. ಒಂದು ತಿರುವಿನಲ್ಲಿ ಎದುರಿಂದ ಲಾರಿ ಬಂತು, ನಮ್ಮ ಡ್ರೈವರ್ ಪಕ್ಕಕ್ಕೆ ಎಳೆದ, ಬಸ್ಸು ಒಂದು ಕಡೆಗೆ ವಾಲಿ ನಿಂತುಬಿಟ್ಟಿತು. ಕಿಟಕಿಯಿಂದ ಕೆಳಗೆ ನೋಡಿದೆ. ರಸ್ತೆ ಇಲ್ಲ, ಮರಗಳ ತುದಿ ಮಾತ್ರ. ಎಲ್ಲರೂ ಉಸಿರು ಬಿಗಿಹಿಡಿದು ಒಬ್ಬೊಬ್ಬರಾಗಿ ಇಳಿದೆವು. ಯಾರಿಗೂ ಒಂದು ಗೀರು ಕೂಡ ಆಗಲಿಲ್ಲ. ನಾನು ಡ್ರೈವರನಿಗೂ ಲಾರಿಯವನಿಗೂ ಸಮನಾಗಿ ಬೈದು, ಹಿಂದೆ ಬಂದ ಇನ್ನೊಂದು ಬಸ್ಸು ಹತ್ತಿ, ಕೊಟ್ಟಿಗೆಹಾರದಲ್ಲಿ ಇಳಿದು ಬಿಸಿ ನೀರುದೋಸೆ ತಿಂದೆ. ಹೋಟೆಲಿನವರಿಗೆ ನಡೆದದ್ದನ್ನ ನಗುನಗುತ್ತಾ ಹೇಳಿದೆ.

ಹೆದರಿಕೆ ಅವತ್ತು ಬರಲೇ ಇಲ್ಲ. ಬಂದದ್ದು ಎಷ್ಟೋ ದಿನ ಕಳೆದ ಮೇಲೆ, ಮೂಡಿಗೆರೆಯ ಬಟ್ಟೆ ಅಂಗಡಿಯಲ್ಲಿ, ರವಿಕೆ ಕಣಕ್ಕೆ ಬಣ್ಣ ಹೊಂದಿಸಿ ನೋಡುವಾಗ. ಇದ್ದಕ್ಕಿದ್ದಂತೆ ಎದೆ ಹಿಡಿದುಕೊಂಡಿತು, ಕೈಕಾಲು ತಣ್ಣಗಾದವು, ಅಂಗಡಿಯ ಗೋಡೆ ಆ ಬಸ್ಸಿನ ಹಾಗೆ ವಾಲಿದಂತಾಯಿತು. ಸತ್ತೇ ಹೋದೆ ಅಂದುಕೊಂಡೆ. ಡಾಕ್ಟರು ಇಸಿಜಿ ತೆಗೆದು, ಹೃದಯ ಕಲ್ಲಿನ ಹಾಗೆ ಗಟ್ಟಿಯಾಗಿದೆ, ಇದು ಟೆನ್ಷನ್ ಅಂದರು. ನನಗೆ ಎಂಥ ಸಿಟ್ಟು ಬಂತು ಅಂತೀರಿ. ಟೆನ್ಷನ್ ಅನ್ನೋದು ಪೇಟೆಯವರ ಕಾಯಿಲೆ, ನನಗೆ ಯಾಕೆ ಅಂಟಿಸ್ತೀರಿ ಅಂತ ಕೇಳಿಯೇ ಬಂದೆ. ಆದರೆ ಸಿಟ್ಟು ಮಾಡಿದರೆ ಕಾಯಿಲೆ ಕೇಳ್ತದಾ? ಆಮೇಲೆ ಘಾಟಿ ಅನ್ನೋ ಮಾತು ಕಿವಿಗೆ ಬಿದ್ದರೂ ಸಾಕು, ಅಂಗೈ ಬೆವರೋದು. ಬಸ್ಸು ಕೊಟ್ಟಿಗೆಹಾರ ದಾಟುತ್ತೆ ಅಂದರೆ ನಾನು ಹತ್ತುತ್ತಲೇ ಇರಲಿಲ್ಲ. ಮಗಳ ಮನೆಯ ಹಬ್ಬಕ್ಕೆ, ಪೂಜೆಗೆ, ಎಲ್ಲದಕ್ಕೂ ನಮ್ಮನೆಯವರನ್ನೇ ಕಳಿಸಿದೆ. ನಾನು ಯಾಕೆ ಬರಲಿಲ್ಲ ಅಂತ ಕೇಳಿದರೆ ಮಂಡಿ ನೋವು, ನೆಂಟರು ಬಂದಿದ್ದರು, ಹಸು ಕರು ಹಾಕ್ತು ಅಂತ ಏನಾದರೊಂದು. ನಮ್ಮನೆಯವರಿಗೆ ಗೊತ್ತಿತ್ತು. ಪಾಪ, ಬಾಯಿ ಬಿಡಲಿಲ್ಲ.

ಮಗಳು ಬಸುರಿ ಅಂತ ಸುದ್ದಿ ಬಂದಾಗ ಸಂತೋಷದ ಜೊತೆ ಒಂದು ನೆಮ್ಮದಿಯೂ ಆಯಿತು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ಅದು ನಮ್ಮ ಕಡೆಯ ಪದ್ಧತಿ. ಅವಳೇ ಹತ್ತಿ ಬರ್ತಾಳೆ, ನಾನು ಇಳಿಯೋ ಪ್ರಶ್ನೆಯೇ ಇಲ್ಲ. ಬಾಣಂತಿ ಕೋಣೆಗೆ ಸುಣ್ಣ ಹೊಡೆಸಿದೆ, ಲೇಹ್ಯಕ್ಕೆ ಬೇಕಾದ್ದನ್ನೆಲ್ಲ ಕೂಡಿಸಿಟ್ಟೆ. ಕಾಫಿ ಹಣ್ಣು ಕೊಯ್ಲು ಶುರುವಾದ ಹೊತ್ತಿಗೆ ಒಂದು ಬೆಳಿಗ್ಗೆ ಅವಳ ಫೋನು ಬಂತು. ಮಗುವಿನ ಮಾಸು ಕೆಳಗಿಳಿದು ಗರ್ಭದ ಬಾಯಿಗೇ ಅಡ್ಡ ಇದೆಯಂತೆ, ಹಾಸಿಗೆಯಿಂದ ಏಳಬಾರದಂತೆ, ಬಸ್ಸು ಜೀಪು ಯಾವುದೂ ಕೂಡದಂತೆ, ಘಾಟಿಯಂತೂ ಕನಸಲ್ಲೂ ಬೇಡ ಅಂದರಂತೆ ಅಲ್ಲಿನ ಡಾಕ್ಟರು.

"ಅಮ್ಮ, ನೀನೇ ಬಾ" ಅಂದಳು.

ನಾನು ಏನು ಹೇಳಿದೆ ಗೊತ್ತಾ? ಕೊಯ್ಲು ಇದೆ ಮಗ, ಆಳುಗಳು ಬಂದಿದಾರೆ, ಹಣ್ಣು ಉದುರ್ತಾ ಇದೆ ಅಂದೆ. ಅವಳು "ಸರಿ ಅಮ್ಮ. ಕಾಫಿ ಮುಗಿದ ಮೇಲೆ ಬಾ" ಅಂದು ಫೋನಿಟ್ಟಳು. ಅವಳು ಅತ್ತಿದ್ದರೆ, ಬೈದಿದ್ದರೆ ತಡಕೊಳ್ತಿದ್ದೆ. ಆ ಸರಿ ಅನ್ನೋ ಮಾತು ಇದೆಯಲ್ಲ, ಅದು ಕರುಳಿಗೇ ಚುಚ್ಚಿತು. ನನ್ನ ಮಗಳು ತಾಯಿಗೆ ತನಗಿಂತ ಕಾಫಿ ದೊಡ್ಡದು ಅಂತ ತಿಳಿದುಕೊಂಡು ಅಲ್ಲಿ ಅಂಗಾತ ಮಲಗಿದ್ದಾಳೆ. ನಾನು ಇಲ್ಲಿ ಫೋನಿನ ಮುಂದೆ ಗೂಟದ ಹಾಗೆ ನಿಂತಿದ್ದೀನಿ. ಹೋಗಲೇಬೇಕು ಅಂತ ಅವತ್ತೇ ತೀರ್ಮಾನ ಮಾಡಿದೆ. ಹೇಗೆ ಅನ್ನೋದು ಗೊತ್ತಿರಲಿಲ್ಲ, ಅಷ್ಟೆ.

ಮೂಡಿಗೆರೆಯಲ್ಲಿ ಆಗ ಹೆಂಗಸರಿಗೆ ಅಂತ ಒಂದು ಯೋಗ ಶಿಬಿರ ನಡೀತಿತ್ತು. ಹೈಸ್ಕೂಲಿನ ಟೀಚರೊಬ್ಬರು ಹೇಳಿಕೊಡ್ತಿದ್ದರು, ನನಗಿಂತ ಎಷ್ಟೋ ಚಿಕ್ಕವರು. ಚಾಪೆ ಸುತ್ತಿಕೊಂಡು ಹೋದೆ. ಕಣ್ಣು ಮುಚ್ಚಿ, ಉಸಿರನ್ನ ಗಮನಿಸಿ ಅಂದರು. ಅಯ್ಯೋ ದೇವರೆ, ಹೆದರೋರ ಮೇಲೆ ಹಾವು ಬಿಟ್ಟ ಹಾಗಾಯಿತು. ಕಣ್ಣು ಮುಚ್ಚಿದ ತಕ್ಷಣ ಬಸ್ಸು, ಮಂಜು, ಮರದ ತುದಿ. ಉಸಿರನ್ನ ನೋಡೋಕೆ ಹೋದರೆ ಅದು ನಾಚಿಕೊಂಡ ಸೊಸೆಯ ಹಾಗೆ ಒಳಗೇ ನಿಂತಿತು. ಎದ್ದು ನಿಂತು, ನಾನು ನೋಡದೆ ಇದ್ದಾಗ ನನ್ನ ಉಸಿರು ಚೆನ್ನಾಗೇ ಇತ್ತು ಟೀಚರ್ ಅಂದೆ. ಎಲ್ಲರೂ ನಕ್ಕರು. ಟೀಚರೂ ನಕ್ಕರು, ಆದರೆ ಶಿಬಿರ ಮುಗಿದ ಮೇಲೆ ನನ್ನನ್ನ ನಿಲ್ಲಿಸಿಕೊಂಡು ವಿಷಯ ಪೂರ್ತಿ ಕೇಳಿದರು. ಹೊರಗಿನವರಿಗೆ ನಾನು ನಿಜ ಹೇಳಿದ್ದು ಅದೇ ಮೊದಲು. ಕಣ್ಣು ಮುಚ್ಚೋದು ಬೇಡ, ಕೂರೋದೂ ಬೇಡ, ನಿಧಾನ ನಡೀರಿ, ಮನಸ್ಸನ್ನ ಪಾದದಲ್ಲಿ ಇಡಿ, ಅದು ಓಡಿ ಹೋದರೆ ಬೈಯದೆ ಕರಕೊಂಡು ಬನ್ನಿ ಅಂದರು.

ದಾರಿಯುದ್ದಕ್ಕೂ ಗೊಣಗಿಕೊಂಡೇ ಬಂದೆ. ನಡೆಯೋದನ್ನೂ ಒಬ್ಬರು ಹೇಳಿಕೊಡಬೇಕಾ? ಅದೂ ಬೈಯದೆ ಕರಕೊಂಡು ಬರೋದಂತೆ, ನಾನು ಬೈಯದೆ ಯಾರನ್ನ ಕರಕೊಂಡು ಬಂದಿದ್ದೀನಿ?

ಮಾರನೇ ದಿನ ಕಣದಲ್ಲಿ ಕಾಫಿ ಹರವಿತ್ತು. ಹಣ್ಣನ್ನ ಬಿಸಿಲಿಗೆ ಹಾಕಿದ ಮೇಲೆ ದಿನಕ್ಕೆ ಹಲವು ಸಲ ತಿರುವಬೇಕು, ಇಲ್ಲದಿದ್ದರೆ ಅಡಿಯದು ಬೂಸ್ಟು ಹಿಡಿಯತ್ತೆ. ಹಲಗೆಯಲ್ಲಿ ಎಳೆಯೋರಿದ್ದಾರೆ, ನಮ್ಮ ಮನೆಯಲ್ಲಿ ಕಾಲಲ್ಲೇ. ಬರಿಗಾಲನ್ನ ಮೇಲೆ ಎತ್ತದೆ, ಹಣ್ಣಿನ ಒಳಗೆ ಜಾರಿಸುತ್ತಾ, ಈ ತುದಿಯಿಂದ ಆ ತುದಿಗೆ ಸಾಲು ಎಳೆಯೋದು. ಕಾಲು ಎತ್ತಿ ಇಟ್ಟರೆ ಹಣ್ಣು ಜಜ್ಜಿ ಹೋಗತ್ತೆ, ಅವಸರ ಮಾಡಿದರೆ ಒಂದು ಕಡೆ ಗುಡ್ಡೆ, ಇನ್ನೊಂದು ಕಡೆ ನೆಲ. ಮದುವೆಯಾಗಿ ಬಂದಾಗಿನಿಂದ ಈ ಕೆಲಸ ಮಾಡಿದ್ದೀನಿ. ಆದರೆ ಕಾಲು ಕಣದಲ್ಲಿ, ಬಾಯಿ ತೋಟದಲ್ಲಿ. ಅಲ್ಲಿ ಯಾರು ಕೂತರು, ಇಲ್ಲಿ ಯಾರು ಚೀಲ ಚೆಲ್ಲಿದರು ಅಂತ ಕೂಗುತ್ತಲೇ ಸಾಲು ಎಳೆದವಳು. ಅವತ್ತು ಮಾತ್ರ ಬಾಯಿ ಮುಚ್ಚಿದೆ. ಹಿಮ್ಮಡಿ, ಅಂಗಾಲು, ಬೆರಳು. ಮೇಲಿನ ಹಣ್ಣು ಬೆಚ್ಚಗೆ, ಅಡಿಯದು ತಣ್ಣಗೆ. ಬೆರಳ ಸಂದಿಯಲ್ಲಿ ಅಂಟು. ಮನಸ್ಸು ಘಾಟಿಗೆ ಓಡಿತು, ಬಾ ಅಂತ ಕರೆದೆ. ಮಗಳ ಹಾಸಿಗೆಗೆ ಓಡಿತು, ಮತ್ತೆ ಕರೆದೆ. ಬೈಯಲಿಲ್ಲ. ನಾನು ಅಷ್ಟು ಹೊತ್ತು ಸುಮ್ಮನಿದ್ದದ್ದು ನೋಡಿ ನಮ್ಮನೆಯವರು ಗಾಬರಿಯಾಗಿ ಕಣಕ್ಕೇ ಬಂದು, ಡಾಕ್ಟರ ಹತ್ತಿರ ಹೋಗೋಣವಾ ಅಂತ ಮೆತ್ತಗೆ ಕೇಳಿದರು.

ದಿನಾ ಹಾಗೇ ನಡೆದೆ. ಸ್ವಲ್ಪ ಧೈರ್ಯ ಬಂದ ಮೇಲೆ ಒಂದು ಪರೀಕ್ಷೆ ಮಾಡಿದೆ. ಕಣದ ನಡುವೆ ನಡೀತಾ ಇರುವಾಗಲೇ ಬೇಕಂತ ಆ ತಿರುವನ್ನ ನೆನೆಸಿಕೊಂಡೆ. ಎದೆ ಡವಡವ ಅಂದಿತು, ಬೆವರು ಬಂತು. ಕಾಲು ಮಾತ್ರ ನಿಲ್ಲಿಸಲಿಲ್ಲ, ಜಾರಿಸುತ್ತಲೇ ಇದ್ದೆ. ಆ ತುದಿ ಮುಟ್ಟೋದರೊಳಗೆ ಡವಡವ ಇಳಿದಿತ್ತು. ನಾನು ಏನೂ ಮಾಡಲಿಲ್ಲ, ಅದೇ ಬಂತು, ಅದೇ ಹೋಯಿತು. ಇಷ್ಟು ದಿನ ಅದನ್ನ ಒದ್ದು ಓಡಿಸೋಕೆ ಹೋಗಿ ನಾನೇ ಅದಕ್ಕೆ ಬಲ ತುಂಬಿದ್ದೆ ಅಂತ ಆಗ ತಿಳೀತು. ಹೆದರಿಕೆ ಪೂರ್ತಿ ಹೋಗೋ ತನಕ ಕಾಯ್ತೀನಿ ಅಂದರೆ ಮೊಮ್ಮಗುವಿನ ಮದುವೆಗೇ ಇಳಿಯಬೇಕಾಗತ್ತೆ. ಅದನ್ನ ಜೊತೆಗೇ ಕಟ್ಟಿಕೊಂಡು ಇಳಿದರಾಯಿತು.

ಒಂದು ಭಾನುವಾರ ನಮ್ಮನೆಯವರ ಜೊತೆ ಘಾಟಿಯ ಮೊದಲ ತಿರುವುಗಳ ತನಕ ನಡೆದೇ ಹೋಗಿ ಬಂದೆ. ಮುಂದಿನ ವಾರ ಚೀಲ ಕಟ್ಟಿದೆ. ಅವರು ನಾನೂ ಬರ್ತೀನಿ ಅಂತ ಹೊರಟರು. "ಈ ಸಲ ಕಾಫಿ ನಿಮಗೆ, ಮಗಳು ನನಗೆ" ಅಂದೆ. ಅವರು ಕಣ್ಣು ಒರೆಸಿಕೊಂಡರು, ನಾನು ನೋಡದ ಹಾಗೆ ಇದ್ದೆ.

ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ನಿಂತುಕೊಂಡೆ. ಕಂಡಕ್ಟರು ಕೂತ್ಕೊಳ್ಳಿ ಅಮ್ಮಾವ್ರೆ ಅಂದ, ನನ್ನ ಕಾಲು, ನಿಮ್ಮ ಬಸ್ಸು, ಎರಡನ್ನೂ ಅದರದರ ಪಾಡಿಗೆ ಬಿಡಪ್ಪ ಅಂದೆ. ಚಪ್ಪಲಿ ಬಿಚ್ಚಿ ಚೀಲದ ಪಕ್ಕ ಇಟ್ಟೆ. ಇಳಿಜಾರು ಶುರುವಾದ ಕೂಡಲೇ ಬಂತು ನೋಡಿ, ಹಳೇ ನೆಂಟ. ಕಿವಿ ಗುಂಯ್ ಅಂತು. ಎರಡೂ ಕೈಯಲ್ಲಿ ಕಂಬಿ ಹಿಡಿದು, ಪಾದವನ್ನ ಬಸ್ಸಿನ ನೆಲದ ಮೇಲೆ ನಿಧಾನ ಜಾರಿಸಿದೆ. ಎಡಗಾಲು ಮುಂದೆ, ಹಿಂದೆ. ಬಲಗಾಲು ಮುಂದೆ, ಹಿಂದೆ. ನೆಲದ ನಡುಕ ಅಂಗಾಲಿಗೆ ತಾಗ್ತಿತ್ತು. ಪಕ್ಕದ ಸೀಟಿನ ಹೆಂಗಸು ಇವಳಿಗೆ ಏನೋ ಮೈಮೇಲೆ ಬಂದಿದೆ ಅಂದುಕೊಂಡಿರಬೇಕು, ಮಗುವನ್ನ ಆ ಕಡೆ ಸರಿಸಿದಳು. ಬಸ್ಸು ವಾಲಿದ್ದ ತಿರುವು ಬಂದಾಗ ಕಣ್ಣು ಮುಚ್ಚಲಿಲ್ಲ. ಬಿಸಿಲಿತ್ತು. ಕಟ್ಟೆಯ ಮೇಲೆ ಕರಿಮೂತಿಯ ಮುಸುವ ಕೋತಿಯೊಂದು ಮರಿ ಕಟ್ಟಿಕೊಂಡು ಕೂತಿತ್ತು. ಅಳು ಬಂತು, ಅತ್ತುಬಿಟ್ಟೆ, ಕಾಲು ನಡೀತಾ ಇತ್ತು. ಘಾಟಿ ಮುಗಿದು ಸೆಕೆಯ ಗಾಳಿ ಮುಖಕ್ಕೆ ಹೊಡೆದಾಗ ಆ ಹೆಂಗಸಿನ ಪಕ್ಕದಲ್ಲೇ ಕೂತು, ಮಗುವಿಗೆ ಕೋಡುಬಳೆ ಕೊಟ್ಟೆ.

ಮಗಳು ಬಾಗಿಲ ಕಡೆ ತಿರುಗಿದವಳು ನನ್ನನ್ನ ನೋಡಿ ನಂಬಲಿಲ್ಲ. ಕಾಫಿ ಮುಗೀತಾ, ಮೊದಲು ಕೇಳಿದ್ದೇ ಅದು. ಹಾಸಿಗೆಯ ತುದಿಯಲ್ಲಿ ಕೂತು ಎಲ್ಲ ಹೇಳಿಬಿಟ್ಟೆ. ಕಾಫಿ ಅಲ್ಲ, ಮಂಡಿನೋವೂ ಅಲ್ಲ, ಹೆದರಿಕೆ. ಘಾಟಿ ಅಂದರೆ ಸಾಯೋಷ್ಟು ಹೆದರಿಕೆ.

"ನಿಂಗೂ ಹೆದರಿಕೆ ಆಗತ್ತಾ ಅಮ್ಮ?"

ಹೂಂ ಅಂದೆ.

"ನಂಗೆ ದಿನಾ ಆಗ್ತಿದೆ. ಮಲಗಿದಲ್ಲೇ ಎದೆ ಹಿಡಿದುಕೊಳ್ಳತ್ತೆ. ನಿನ್ನ ಮಗಳಾಗಿ ಹೆದರ್ತೀನಿ ಅಂದ್ರೆ ಬೈತೀಯ ಅಂತ ಯಾರಿಗೂ ಹೇಳಲಿಲ್ಲ."

ಅವತ್ತು ನನ್ನ ಹೆಮ್ಮೆಯೆಲ್ಲ ಅಲ್ಲೇ ಆ ಹಾಸಿಗೆಯ ಕೆಳಗೆ ಬಿತ್ತು, ಮತ್ತೆ ಎತ್ತಿಕೊಳ್ಳಲಿಲ್ಲ. ಅವಳು ನಡೆಯೋ ಹಾಗಿರಲಿಲ್ಲ. ಪಾದ ಆಡಿಸಬಹುದಾ ಅಂತ ಡಾಕ್ಟರ ಹತ್ತಿರ ಕೇಳಿಸಿದೆ, ಧಾರಾಳವಾಗಿ ಅಂದರು. ಹೊದಿಕೆ ಸರಿಸಿ, ಅವಳ ಪಾದ ನನ್ನ ಕೈಯಲ್ಲಿ ಹಿಡಿದು, ಹಿಮ್ಮಡಿಯನ್ನ ಹಾಸಿಗೆ ಬಟ್ಟೆಯ ಮೇಲೆ ನಿಧಾನ ಜಾರಿಸೋದನ್ನ ತೋರಿಸಿದೆ. ಇದು ಕಣ, ಇದು ಹಣ್ಣು, ಜಜ್ಜಬೇಡ ಅಂದೆ. ನಕ್ಕಳು. ದಿನಾ ಬೆಳಿಗ್ಗೆ ಸಂಜೆ ನಾವಿಬ್ಬರೂ ಹಾಗೆ ಸಾಲು ಎಳೆದೆವು, ಅವಳು ಹಾಸಿಗೆಯ ಮೇಲೆ, ನಾನು ಪಕ್ಕದ ನೆಲದಲ್ಲಿ. ಅವಳ ಅತ್ತೆ ಬಾಗಿಲಲ್ಲಿ ನಿಂತು ನೋಡಿ, ಘಟ್ಟದ ಮೇಲಿನವರ ಬಾಣಂತನ ಹೆರಿಗೆಗೆ ಮುಂಚೆಯೇ ಶುರುವಾಗತ್ತಾ ಬೀಗ್ತಿ ಅಂತ ಕೆಣಕೋರು.

ಹೆರಿಗೆ ಸುಸೂತ್ರವಾಯಿತು, ಹೆಣ್ಣು ಮಗು, ತಾಯಿ ಮಗು ಇಬ್ಬರೂ ಗಟ್ಟಿ. ಇದನ್ನ ಮೊದಲೇ ಹೇಳ್ತೀನಿ, ಓದೋರನ್ನ ಹೆದರಿಸೋ ಚಟ ನನಗಿಲ್ಲ. ಆದರೆ ಅದು ಗೊತ್ತಾಗೋದಕ್ಕೆ ಮುಂಚಿನ ಗಳಿಗೆ ಇದೆಯಲ್ಲ, ಅದನ್ನ ಹೇಳದೆ ಮುಗಿಸೋಕಾಗಲ್ಲ. ಆಪರೇಷನ್ನೇ ಆಗಬೇಕು ಅಂತ ತೀರ್ಮಾನವಾಗಿ, ಮಗಳನ್ನ ಸ್ಟ್ರೆಚರಿನಲ್ಲಿ ಒಳಗೆ ತಳ್ಳಿಕೊಂಡು ಹೋದರು. ನಾನು ಬಾಗಿಲ ತನಕ ಹೋದೆ, ಅಲ್ಲಿಂದಾಚೆ ಬಿಡಲಿಲ್ಲ. ಅವಳ ತಲೆ ಆ ಕಡೆ ಇತ್ತು, ಮುಖ ಕಾಣಲಿಲ್ಲ. ಹಸಿರು ಬಟ್ಟೆಯಿಂದ ಹೊರಗೆ ಕಾಣ್ತಿದ್ದದ್ದು ಎರಡು ಪಾದ ಮಾತ್ರ. ಎಡಗಾಲು ಮುಂದೆ ಜಾರಿತು, ಹಿಂದೆ ಬಂತು. ಆಮೇಲೆ ಬಲಗಾಲು. ಅವಸರವಿಲ್ಲ. ಬಾಗಿಲು ಮುಚ್ಚೋ ತನಕ ನೋಡ್ತಾ ನಿಂತಿದ್ದೆ, ಒಂದು ಸಲವೂ ನಿಲ್ಲಿಸಲಿಲ್ಲ ನನ್ನ ಮಗಳು.