ನಾನು ಹಾಕಿದ ಸುಶೀಲಳ ವೇಷ

ಮೈಮೇಲೆ ದೇವರು ಬಂತು ಅಂತ ಯಾರಾದರೂ ಕುಣಿದರೆ ನಾನು ಮೊದಲು ನೋಡುತ್ತಿದ್ದದ್ದು ಅವರ ಕೂದಲನ್ನು. ಚಾಮರಾಜನಗರದಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತಿರುವವಳು ನಾನು, ಕಣ್ಣು ತಾನಾಗಿ ಅಲ್ಲಿಗೇ ಹೋಗುತ್ತದೆ. ದೇವರು ಬರುವ ಹೆಂಗಸರು ಆ ದಿನ ತಲೆಗೆ ನೀರು ಹಾಕಿಕೊಂಡು, ಎಣ್ಣೆ ಸೋಕಿಸದೆ, ತುರುಬನ್ನು ಸುಮ್ಮನೆ ಸುತ್ತಿಕೊಂಡು ಬಂದಿರುತ್ತಾರೆ. ಒಂದೆರಡು ಸಲ ತಲೆ ಆಡಿಸಿದರೆ ಬಿಚ್ಚಿ ಹರಡಿಕೊಳ್ಳುತ್ತದೆ. ಇದನ್ನು ನಾನು ಬಂದ ಗಿರಾಕಿಗಳಿಗೆಲ್ಲ ಹೇಳಿ, ಅಭಿನಯ ಮಾಡಿ ತೋರಿಸಿ ನಗಿಸುತ್ತಿದ್ದೆ. ದೆವ್ವ, ಗಾಳಿ, ಸೋಕು ಯಾವುದನ್ನೂ ನಂಬಿದವಳಲ್ಲ. ಈಗಲೂ ನಂಬುತ್ತೇನೆ ಅಂತ ಹೇಳಲಾರೆ. ಆದರೆ ಆ ನಗಿಸುವ ಕೆಲಸ ಬಿಟ್ಟಿದ್ದೇನೆ. ಯಾಕೆ ಬಿಟ್ಟೆ ಅನ್ನುವುದನ್ನು ಮನೆಯವರಿಗೂ ಸರಿಯಾಗಿ ಹೇಳಿಲ್ಲ, ನಾಚಿಕೆಯಾಗುತ್ತದೆ. ಬರೆಯುವುದು ಸ್ವಲ್ಪ ಸುಲಭ, ಯಾರ ಮುಖವನ್ನೂ ನೋಡಬೇಕಾಗಿಲ್ಲ.

ನನಗೆ ಹಳೇ ಕಾಲದ ಫ್ಯಾಷನ್ನಿನ ಹುಚ್ಚು. ಪಫ್ ತೋಳಿನ ರವಿಕೆ, ಚುಕ್ಕೆ ಚುಕ್ಕೆ ಸೀರೆ, ಒಳಗೆ ಚೌರಿ ತುಂಬಿ ಬುಟ್ಟಿಯಷ್ಟು ಎತ್ತರಕ್ಕೆ ಕಟ್ಟಿದ ತುರುಬು, ಕಣ್ಣಿನ ಕೊನೆಗೆ ಬಾಲದ ಹಾಗೆ ಎಳೆದ ಕಾಡಿಗೆ, ಇವೆಲ್ಲ ನನಗೆ ಪಂಚಪ್ರಾಣ. ನಮ್ಮ ಕಡೆಯಲ್ಲೂ ಈಗ ಹುಟ್ಟುಹಬ್ಬ, ಸೀಮಂತ, ಮಹಿಳಾ ಸಂಘದ ವಾರ್ಷಿಕೋತ್ಸವ ಎಲ್ಲಕ್ಕೂ ರೆಟ್ರೋ ಥೀಮ್ ಬಂದಿದೆ. ಎಲ್ಲರಿಗೂ ವೇಷ ಹಾಕಿಸುವವಳು ನಾನೇ, ಎಲ್ಲರಿಗಿಂತ ಜೋರಾಗಿ ವೇಷ ಹಾಕುವವಳೂ ನಾನೇ. ‘ನಿಮ್ಮಜ್ಜಿ ಇದ್ದಿದ್ರೆ ಇವನ್ನೆಲ್ಲ ಕೊಟ್ಟು ಎರಡು ಸ್ಟೀಲ್ ಪಾತ್ರೆ ತಗೊಂಡಿರೋರು’ ಅಂತ ನನ್ನ ಗಂಡ ಹಂಗಿಸುತ್ತಿದ್ದರು. ನಾನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಗುಂಡ್ಲುಪೇಟೆಯಲ್ಲಿ ನನ್ನ ಗೆಳತಿ ಶಾಹಿದಾಳ ಮದುವೆಯ ಬೆಳ್ಳಿಹಬ್ಬ ಆಯಿತು. ಕಾಲೇಜಿನಿಂದ ಜೊತೆಗಿದ್ದವಳು. ಅವಳ ಗಂಡನದು ಅರಿಸಿನದ ವ್ಯಾಪಾರ. ಎಲ್ಲರೂ ಎಪ್ಪತ್ತರ ದಶಕದ ಉಡುಪಿನಲ್ಲಿ ಬರಬೇಕು, ಒಬ್ಬೊಬ್ಬರೇ ವೇದಿಕೆಗೆ ಹತ್ತಿ ತಾವು ಯಾರು ಅಂತ ಹೇಳಬೇಕು, ಚೆನ್ನಾಗಿ ಮಾಡಿದವರಿಗೆ ಬಹುಮಾನ, ಹೀಗೆಲ್ಲ ಏರ್ಪಾಡು ಮಾಡಿದ್ದಳು. ಭಾನುವಾರ ಮಧ್ಯಾಹ್ನ, ಬಿರಿಯಾನಿ ಊಟ. ಬೇಡದವರಿಗೆ ಬೇರೆ ಕಡೆ ಪಲಾವ್. ಬೆಲ್ ಬಾಟಂ ಹಾಕಿದ ಗಂಡಸರು ಗೋಡೆಗೊರಗಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಶಾಹಿದಾ ಜರಿಯ ಶರಾರ ತೊಟ್ಟು ಹೊಸ ಮದುವಣಗಿತ್ತಿಯ ಹಾಗೆ ಓಡಾಡುತ್ತಿದ್ದಳು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನನ್ನ ಮೈಮೇಲೆ ಹಳೆಯದು ಅನ್ನುವುದು ಒಂದು ಚೂರೂ ಇರಲಿಲ್ಲ. ಸೀರೆ ಆನ್‌ಲೈನಿನಲ್ಲಿ ತರಿಸಿದ್ದು. ರವಿಕೆ ಅದೇ ವಾರ ಹೊಲಿಸಿದ್ದು. ಕೆಂಪು ಫ್ರೇಮಿನ ಪ್ಲಾಸ್ಟಿಕ್ ಕನ್ನಡಕ ನಮ್ಮೂರಿನ ಫ್ಯಾನ್ಸಿ ಸ್ಟೋರಿನದು. ಯಾರೋ ಸತ್ತವರ ಸೀರೆ ಉಟ್ಟಿದ್ದಿರಬೇಕು ಅಂತ ನೀವು ಊಹಿಸುವುದು ಬೇಡ. ನಾನೂ ಹಾಗೊಂದು ಕಾರಣ ಸಿಕ್ಕರೆ ಸಾಕು ಅಂತ ಹುಡುಕಿದವಳೇ.

ವೇಷ ಹಾಕದೆ ಬಂದವರು ಅಲ್ಲಿ ಒಬ್ಬರೇ. ತೆರಕಣಾಂಬಿಯ ಗೌರಮ್ಮ. ಜಮೀನಿರುವ ಲಿಂಗಾಯತರ ಮನೆಯವರು, ಅವರ ಅರಿಸಿನ ಶಾಹಿದಾಳ ಮಾವನ ಕಾಲದಿಂದಲೂ ಈ ಮನೆಯವರ ಮಂಡಿಗೇ ಬರುವುದಂತೆ. ಅರವತ್ತರ ಆಸುಪಾಸು, ಹಣೆ ತುಂಬ ವಿಭೂತಿ, ಅಂಚಿನ ನೂಲಿನ ಸೀರೆ. ನಾನು ತಮಾಷೆಗೆ, ‘ನಿಮ್ಮದೇ ಸರಿಯಾದ ಗೆಟಪ್ಪು ನೋಡಿ’ ಅಂದೆ. ‘ನಂದೇನ್ ವೇಸವ್ವ, ದಿನಾ ಉಡಾದೇ ಇದು’ ಅಂದು ನಕ್ಕು, ಜ್ಯೂಸಿನ ಲೋಟ ಹಿಡಿದು ಮುಂದಿನ ಸಾಲಿನಲ್ಲಿ ಕೂತರು. ಅದಕ್ಕೆ ಮುಂಚೆ ಅವರನ್ನು ನಾನು ಕಂಡದ್ದೇ ಇಲ್ಲ.

ನಾನು ಯೋಚಿಸಿಕೊಂಡು ಹೋಗಿದ್ದದ್ದು ಒಬ್ಬ ಟೈಪಿಸ್ಟಿನ ಪಾತ್ರ. ಚೂಯಿಂಗ್ ಗಮ್ ಅಗಿಯುತ್ತಾ ನಾಲ್ಕು ಮಾತು ಇಂಗ್ಲಿಷು ಹೊಡೆದು ಇಳಿಯುವುದು ಅಂತ. ಮೈಕು ಕೈಗೆ ಬಂದಾಗ ಬಾಯಿಂದ ಹೊರಟದ್ದೇ ಬೇರೆ. ‘ನನ್ನೆಸ್ರು ಸುಸೀಲ. ತೆರಕಣಾಂಬಿಯಿಂದ ಬಂದಿವ್ನಿ’ ಅಂದೆ. ನಾನು ಹಾಸನದ ಕಡೆಯವಳು, ಮದುವೆಯಾಗಿ ಇಲ್ಲಿಗೆ ಬಂದವಳು. ಇಲ್ಲಿನ ಹಳ್ಳಿಯ ಮಾತನ್ನು ಅಣಕಿಸಲು ಹೋದರೆ ನನ್ನ ಗಿರಾಕಿಗಳೇ ನಗುತ್ತಿದ್ದರು. ಅವತ್ತು ಮಾತ್ರ ಅದು ಹುಟ್ಟಿದಾಗಿನಿಂದ ಆಡಿದ ಹಾಗೆ ಸಲೀಸಾಗಿ ಬಂತು.

ಸುಶೀಲ ವಿಭೂತಿ ಇಡುವ ಮನೆಯ ಸೊಸೆ. ರವಿಕೆಗೆ ಅಳತೆ ಕೊಡಬೇಕು ಅಂತ ಅತ್ತೆಗೆ ಹೇಳಿ ಆಗಾಗ ಗುಂಡ್ಲುಪೇಟೆಗೆ ಬರುತ್ತಾಳೆ. ಬಂದವಳು ದರ್ಜಿಯ ಹತ್ತಿರ ಹೋಗುವುದಿಲ್ಲ. ಬಸ್ ಸ್ಟಾಂಡಿನ ಹಿಂದೆ ಮಲಯಾಳಿಯ ಟೀ ಅಂಗಡಿಯಲ್ಲಿ ಗೋಡೆಗೆ ಮುಖ ಮಾಡಿ ಕೂತು ಒಂದು ಆಮ್ಲೆಟ್ ತಿನ್ನುತ್ತಾಳೆ. ತಿಂದಾದ ಮೇಲೆ ಸೀಬೆ ಗಿಡದ ಎಲೆ ಕಿತ್ತು ಅಗಿದು, ಅದೇ ಎಲೆಯನ್ನು ಅಂಗೈಗೂ ಉಜ್ಜಿಕೊಂಡು ಮೂಸಿ ನೋಡಿಕೊಳ್ಳುತ್ತಾಳೆ. ನಾನು ಅಂಗೈ ಮೂಸಿದ್ದಕ್ಕೆ ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಶಾಹಿದಾಳ ನೆಂಟರು, ನಮ್ಮೂರಿನವರು ಎಲ್ಲರೂ ನಕ್ಕರು. ನಗು ಸಿಕ್ಕಿದರೆ ನನಗೆ ಮುಂದಿನದು ಕಾಣುವುದಿಲ್ಲ.

‘ಮಗೀನ ಪಕ್ಕದ್ಮನೇಲಿ ಬುಟ್ಟು ಬಂದಿವ್ನಿ. ಕೆಂಪು ಕನ್ನಡ್ಕ ತತ್ತೀನಿ ಅಂತ ಏಳಿವ್ನಿ. ತಕ್ಕೊಂಡೂ ಆಯ್ತು. ನಮ್ಮೂರ್ ಬಸ್ಸು ಅಗೋ ಅಲ್ ನಿಂತದ. ಊಟಿ ಬಸ್ಸು ಇಗೋ ಇಲ್ ನಿಂತದ’ ಅಂದೆ. ಅಷ್ಟು ಹೇಳಿ ಸ್ವಲ್ಪ ತಡೆದೆ. ಜನ ಕಾಯಲಿ ಅಂತ ಬೇಕೆಂದೇ ತಡೆದೆ. ಆಮೇಲೆ ‘ಈ ಕನ್ನಡ್ಕ ನಂಗೇ ಒಪ್ತದಲ್ವಾ’ ಅಂತ ಅದನ್ನು ಬ್ಯಾಗಿನಿಂದ ತೆಗೆದು ನನ್ನ ಕಣ್ಣಿಗೇ ಏರಿಸಿಕೊಂಡು, ಬ್ಯಾಗು ಬೀಸುತ್ತಾ ಊಟಿ ಬಸ್ಸು ಹತ್ತಿದ ಹಾಗೆ ಮಾಡಿ ವೇದಿಕೆ ಇಳಿದೆ. ಶಿಳ್ಳೆ ಹೊಡೆದರು.

ಮೊದಲ ಬಹುಮಾನ ನನಗೇ ಬಂತು. ಹಿರಿಯರ ಕೈಯಲ್ಲಿ ಕೊಡಿಸೋಣ ಅಂತ ಶಾಹಿದಾ ಗೌರಮ್ಮನವರನ್ನೇ ವೇದಿಕೆಗೆ ಕರೆದಳು. ಅವರು ನಿಧಾನವಾಗಿ ಮೆಟ್ಟಿಲು ಹತ್ತಿ ಬಂದು ಪೊಟ್ಟಣ ನನ್ನ ಕೈಗಿಟ್ಟರು, ಆದರೆ ತಮ್ಮ ಕೈ ಬಿಡಲಿಲ್ಲ. ಎಲ್ಲರೂ ಫೋಟೋ ಹೊಡೆಯುತ್ತಿದ್ದರು. ನಾನು ಹಲ್ಲು ಕಿರಿದುಕೊಂಡೇ ಇದ್ದೆ. ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ, ‘ಯಾರ್ ಏಳುದ್ರು ನಿಂಗೆ?’ ಅಂದರು.

ಊಟದ ಹೊತ್ತಿನಲ್ಲಿ ಕೈ ತೊಳೆಯುವ ಕಡೆ ಅವರು ನನಗಾಗಿ ನಿಂತಿದ್ದರು. ಜಗಳದ ಮುಖವಲ್ಲ. ‘ನೀನ್ ಹೆಸ್ರೊಂದ್ ತೆಪ್ಪು ಅಂದೆ. ನಮ್ಮವ್ವನ ಹೆಸ್ರು ಪುಟ್ಟಮಲ್ಲಮ್ಮ. ಮಿಕ್ಕುದ್ದೆಲ್ಲಾ ಅವಳ್ದೇಯ’ ಅಂದರು.

ಅವರು ಆಗ ಆರೇಳು ವರ್ಷದ ಹುಡುಗಿಯಂತೆ. ತಾಯಿ ಒಂದೆರಡು ಸಲ ಅವರನ್ನೂ ಜೊತೆಗೆ ಕರೆದುಕೊಂಡು ಬಂದು, ಆಮ್ಲೆಟಿನ ಅಂಚು ಮುರಿದು ಬಾಯಿಗಿಟ್ಟು, ಸೀಬೆ ಎಲೆ ಅಗಿಸಿ, ಅಜ್ಜಿಗೆ ಹೇಳಬಾರದು ಅಂತ ಆಣೆ ಹಾಕಿಸಿಕೊಂಡಿದ್ದರಂತೆ. ಆಮೇಲೊಂದು ದಿನ ಕೆಂಪು ಕನ್ನಡಕ ತರುತ್ತೇನೆ ಅಂತ ಹೇಳಿ ಹೋದವರು ಬರಲಿಲ್ಲ. ತನ್ನ ತವರೂರಿನ ಕೆರೆಯಲ್ಲಿ ಕಾಲು ಜಾರಿ ಮುಳುಗಿದಳು ಅಂತ ಹಿರಿಯರು ಹೇಳಿದರು. ಹೆಣ ಯಾರೂ ನೋಡಲಿಲ್ಲ. ನಮ್ಮ ಕಡೆ ಮಾರ್ನಮಿಗೆ ಮುಂಚಿನ ಅಮಾವಾಸ್ಯೆಯಲ್ಲಿ ಸತ್ತ ಹಿರಿಯರಿಗೆ ಎಡೆ ಇಡುತ್ತಾರಲ್ಲ, ಹೊಸ ಬಟ್ಟೆ ಇಟ್ಟು, ಅವರಿಗೆ ಇಷ್ಟವಾದ ತಿಂಡಿ ಇಟ್ಟು? ಹಾಗೆ ಪ್ರತಿವರ್ಷ ತಾಯಿಗೂ ಒಂದು ಸೀರೆ ಇಡುತ್ತಾರೆ. ಪೂಜೆ ಆದ ಮೇಲೆ ಆ ಸೀರೆಯನ್ನು ಅದೇ ಊರಿನಲ್ಲಿರುವ ಅವರ ತಮ್ಮ ಇವರಿಗೆ ಕಳಿಸುತ್ತಾನೆ. ‘ಇದೂ ಅಂತದ್ದೇ ಎಡೆ ಸೀರೇಯ’ ಅಂದು ಸೆರಗು ಮುಟ್ಟಿ ತೋರಿಸಿದರು. ‘ಮೊಟ್ಟೆ ವಿಸ್ಯ ನಾನ್ ನನ್ ಗಂಡುಂಗೂ ಏಳಿಲ್ಲ ಕಣವ್ವ.’

ನಾನು ತೊದಲುತ್ತಾ, ಎಲ್ಲ ಸುಮ್ಮನೆ ಕಟ್ಟಿ ಹೇಳಿದ್ದು, ಬಾಯಿಗೆ ಬಂದದ್ದು, ದಯವಿಟ್ಟು ತಪ್ಪು ತಿಳಿಯಬೇಡಿ ಅಂದೆ.

‘ಸೀಬೆ ಎಲೆನೂ ಕಟ್ಟಿದ್ದಾ?’ ಅಂತ ಕೇಳಿದರು.

‘ಆಮ್ಯಾಕೇನಾಯ್ತು? ಊಟಿ ಬಸ್ಸೇ ಅತ್ತುದ್ದು ದಿಟ್ವಾ? ಎಲ್ಲಿ ಇಳುದ್ಲು?’ ಅಂತ ಕೇಳುತ್ತಲೇ ಇದ್ದರು. ಆಗ ಶಾಹಿದಾ ಬಂದು ‘ಇಲ್ಲೇ ನಿಂತ್ಬಿಟ್ರಾ, ಬನ್ನಿ ಕೇಕ್ ಕಟ್ ಮಾಡೋಣ’ ಅಂತ ಇಬ್ಬರ ಕೈಯನ್ನೂ ಹಿಡಿದು ಎಳೆದುಕೊಂಡು ಹೋದಳು.

ಅವತ್ತಿನಿಂದ ನಾನು ಕಾರಣ ಹುಡುಕುತ್ತಲೇ ಇದ್ದೇನೆ. ಪಾರ್ಲರಿನಲ್ಲಿ ತೆರಕಣಾಂಬಿಯ ಯಾರೋ ಮಾತಾಡಿದ್ದು ಕಿವಿಗೆ ಬಿದ್ದಿರಬೇಕು ಅಂದುಕೊಂಡೆ. ಆದರೆ ಇಬ್ಬರೇ ಬಲ್ಲ ಗುಟ್ಟನ್ನು ಅವರು ಎಲ್ಲಿಂದ ತಂದಾರು? ಶಾಹಿದಾಳನ್ನು ಸುತ್ತಿ ಬಳಸಿ ಕೇಳಿದೆ, ಗೌರಮ್ಮನ ತಾಯಿ ಎಂದೋ ಕೆರೆಗೆ ಬಿದ್ದು ತೀರಿಹೋದರು ಅನ್ನುವುದಷ್ಟೇ ಅವಳಿಗೆ ಗೊತ್ತು. ಗೌರಮ್ಮನೇ ನನ್ನ ಮಾತು ಕೇಳಿ ತಮ್ಮ ನೆನಪನ್ನು ಅದಕ್ಕೆ ಹೊಂದಿಸಿಕೊಂಡರೋ ಏನೋ ಅಂತಲೂ ಯೋಚಿಸಿದ್ದೇನೆ. ಹಾಗೆ ಯೋಚಿಸಿದಾಗ ಸ್ವಲ್ಪ ಹೊತ್ತು ಹಗುರವಾಗುತ್ತದೆ. ಆಮೇಲೆ ಆ ವೀಡಿಯೋ ಜ್ಞಾಪಕಕ್ಕೆ ಬರುತ್ತದೆ. ಯಾರೋ ತೆಗೆದು ಗ್ರೂಪುಗಳಿಗೆಲ್ಲ ಹಾಕಿದ್ದರು. ನಾನು ಬೇಕೆಂದೇ ತಡೆದು ನಗುವಿಗೆ ಕಾಯುವುದು ಅದರಲ್ಲಿ ಚೆನ್ನಾಗಿ ಕಾಣುತ್ತದೆ. ಮುಂದಿನ ಸಾಲಿನಲ್ಲಿ ಗೌರಮ್ಮನ ತುರುಬು, ಕೈಯಲ್ಲಿ ಲೋಟ. ನಾನು ಅಂಗೈ ಮೂಸುವಾಗಲೇ ಅವರು ಲೋಟವನ್ನು ಬಗ್ಗಿ ನೆಲಕ್ಕಿಡುತ್ತಾರೆ, ಕನ್ನಡಕ ನನ್ನ ಕೈಗೆ ಇನ್ನೂ ಬಂದೇ ಇರುವುದಿಲ್ಲ, ಅವರಿಗೆ ಆಗಲೇ ಗುರುತು ಸಿಕ್ಕಿತ್ತು. ಈಗಲೂ ಮದುವೆ ಮನೆಗಳಲ್ಲಿ ಸಿಕ್ಕವರು ‘ಆ ಆಮ್ಲೆಟ್ ಆ್ಯಕ್ಟ್ ಇನ್ನೊಂದ್ಸಲ ಮಾಡಿ ಮೇಡಂ’ ಅನ್ನುತ್ತಾರೆ, ನಾನು ತಲೆನೋವು ಅಂತ ಹೇಳಿ ಜಾರಿಕೊಳ್ಳುತ್ತೇನೆ.

ಆ ಬೆಳ್ಳಿಹಬ್ಬ ಆಗಿ ಕೆಲವು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಗೌರಮ್ಮ ನನ್ನ ಪಾರ್ಲರಿಗೇ ಬಂದರು. ತೆರಕಣಾಂಬಿಯಿಂದ ಬಸ್ಸು ಹಿಡಿದು, ಒಂದು ಚಿಪ್ಪು ಬಾಳೆಹಣ್ಣು ಹಿಡಿದುಕೊಂಡು. ಕೂತು ನೀರು ಕುಡಿದು, ‘ಇನ್ನೊಂದ್ಸತಿ ಆ ವೇಸ ಆಕವ್ವ. ಮುಂದ್ಕೇನಾಯ್ತು ಅಂತ ನಿಂಗ್ ಬಂದ್ರೂ ಬತ್ತದ’ ಅಂದರು. ಆಗುವುದಿಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ. ಷಟರ್ ಅರ್ಧ ಇಳಿಸಿ ಅದೇ ಸೀರೆ ಉಟ್ಟೆ, ಅದೇ ತುರುಬು ಕಟ್ಟಿದೆ, ಕನ್ನಡಕ ಕೈಯಲ್ಲಿ ಹಿಡಿದೆ. ಗಿರಾಕಿಗಳ ಕುರ್ಚಿಯಲ್ಲಿ ಅವರು, ಹಿಂದೆ ನಿಂತ ನಾನು. ನನ್ನ ಕಡೆ ತಿರುಗದೆ ಕನ್ನಡಿಯಲ್ಲೇ ನನ್ನನ್ನು ನೋಡುತ್ತಿದ್ದರು. ‘ನನ್ನೆಸ್ರು’ ಅಂತ ಶುರು ಮಾಡಿದೆ. ಮುಂದೆ ಏನೂ ಬರಲಿಲ್ಲ. ಆ ಮಾತಿನ ಧಾಟಿಯೂ ಬರಲಿಲ್ಲ, ನನ್ನ ಹಾಸನದ ಕನ್ನಡವೇ ಬಂತು.

ಅವರ ಮುಖ ನೋಡಲಾರದೆ ನಾನು ಕಟ್ಟತೊಡಗಿದೆ. ಈ ಸಲ ತಿಳಿದೇ ಕಟ್ಟಿದೆ, ಒಳ್ಳೆಯದಾಗಲಿ ಅಂತ ಕಟ್ಟಿದೆ. ಆಕೆ ಊಟಿಯ ಹತ್ತಿರ ಒಂದು ಟೀ ತೋಟದಲ್ಲಿ ಕೆಲಸಕ್ಕೆ ಸೇರಿದಳು, ಮಗಳನ್ನು ನೆನೆಯದ ದಿನವಿರಲಿಲ್ಲ, ಒಂದು ಸಂಜೆ ತಡೆಯಲಾರದೆ ಕನ್ನಡಕ ಹಿಡಿದು ವಾಪಸು ಬಸ್ಸು ಹತ್ತಿದಳು. ದಾರಿಯಲ್ಲಿ ಬಸ್ಸು ಕೆಟ್ಟು ಹೊತ್ತಾಯಿತು. ಬಂಡೀಪುರಕ್ಕೆ ಬರುವಷ್ಟರಲ್ಲಿ ಅರಣ್ಯ ಇಲಾಖೆಯವರು ರಾತ್ರಿಯ ಗೇಟು ಹಾಕಿಬಿಟ್ಟಿದ್ದರು. ಬೆಳಗಿನವರೆಗೂ ಗೇಟಿನ ಆಚೆ ಕೂತಿದ್ದು, ಬೆಳಗಾದ ಮೇಲೆ ಧೈರ್ಯ ಸಾಲದೆ ತಿರುಗಿ ಹೋದಳು. ‘ಬರಬೇಕು ಅಂತಲೇ ಹೊರಟಿದ್ದರು ನಿಮ್ಮಮ್ಮ’ ಅಂದೆ. ಹೇಳುತ್ತಾ ನನಗೇ ಕಣ್ಣಲ್ಲಿ ನೀರು ಬಂದಿತ್ತು.

ಗೌರಮ್ಮ ಕೊನೆಯವರೆಗೂ ಕೇಳಿದರು. ಆಮೇಲೆ ಎದ್ದು ಸೀರೆಯ ನಿರಿಗೆ ಸರಿಮಾಡಿಕೊಂಡರು.

‘ಆಗೆಲ್ಲಿತ್ತವ್ವ ಗೇಟು? ಅದು ಈಚೆಗ್ ಬಂದುದ್ದು. ಆಗ ರಾತ್ರಿಯೆಲ್ಲಾ ಬಸ್ ಓಡಾಡವು’ ಅಂದರು. ಬಾಗಿಲವರೆಗೆ ಹೋದವರು ತಿರುಗಿ, ‘ಬರಂಗಿದ್ರೆ ಬರ್ಬೌದಾಗಿತ್ತು ಬುಡು’ ಅಂದರು.

ಷಟರ್ ಎತ್ತಿಕೊಡಬೇಕಾಗಿತ್ತು. ಅದನ್ನೂ ನಾನು ಮಾಡಲಿಲ್ಲ. ಆ ವಯಸ್ಸಿನಲ್ಲಿ ಅವರೇ ಬಗ್ಗಿ ಅದರಡಿಯಿಂದ ನುಸುಳಿಕೊಂಡು ಬಸ್ಸಿಗೆ ಹೋದರು, ನಾನು ಕೆಂಪು ಕನ್ನಡಕ ಹಿಡಿದುಕೊಂಡು ಕನ್ನಡಿಯ ಮುಂದೆ ನಿಂತಿದ್ದೆ.