ದೇವದುರ್ಗಕ್ಕೆ ಐದು ರೂಪಾಯಿಯ ಅಂಚೆ

ಇವತ್ತು ಬೆಳಿಗ್ಗೆ ಒಂದು ಲಕೋಟೆಯ ಬಾಯಿ ಮುಚ್ಚಿ ಬೆರಳು ಮೂಸಿ ನೋಡಿದರೆ ಅರಿಶಿನದ ವಾಸನೆ. ಅದರ ಬೆನ್ನಿಗೇ ದೇವದುರ್ಗದ ಲಕೋಟೆ ನೆನಪಾಯಿತು. ಹೋದ ಬೇಸಿಗೆಯಲ್ಲಿ ಅದನ್ನು ಅಂಚೆಪೆಟ್ಟಿಗೆಗೆ ಹಾಕಿ ಮನೆಗೆ ನಡೆದು ಬರುವಷ್ಟರಲ್ಲಿ ನಾನು ಏನೇನು ಯೋಚಿಸಿದ್ದೆ ಎಂದು ಹೇಳಿಬಿಟ್ಟರೆ ನಿಮಗೆ ನನ್ನ ಪರಿಚಯ ಬೇರೆ ಬೇಕಾಗುವುದಿಲ್ಲ. ಅಂಚೆಚೀಟಿ ಉದುರಬಹುದು. ರಾಯಚೂರಿನ ಬಿಸಿಲಿಗೆ ಗೋಂದು ಸಡಿಲಾಗಿ ಲಕೋಟೆ ತಾನಾಗಿಯೇ ಬಾಯಿ ತೆರೆಯಬಹುದು. ಒಳಗಿನ ಕಾರ್ಡು ಬಾಗಬಹುದು. ಬಾಗದಿದ್ದರೆ ಮೂಲೆಯಾದರೂ ಮಡಚಬಹುದು. ತೂಕ ಒಂದು ಗ್ರಾಮು ಹೆಚ್ಚಾಗಿ ಕೊಂಡವನು ದಂಡ ಕಟ್ಟಬೇಕಾಗಬಹುದು. ಅವನು ಒಲ್ಲೆ ಎಂದರೆ ಲಕೋಟೆ ತಿರುಗಿ ಬಂದು ನಾನೇ ಕಟ್ಟಬೇಕಾಗಬಹುದು. ನನ್ನ ಕೋಳಿಕಾಲಿನ ಅಕ್ಷರ ಯಾರಿಗೂ ತಿಳಿಯದೆ ಅದು ಎಲ್ಲೋ ಒಂದು ಮೂಲೆಯಲ್ಲಿ ಕೂತುಬಿಡಬಹುದು. ಆಕಾಶದಲ್ಲಿ ಒಂದು ಮೋಡವಿಲ್ಲದಿದ್ದರೂ ಮಳೆ ಬರಬಹುದು. ಕಾರ್ಡು ಬಂದಿಲ್ಲ ಎಂದು ಕೊಂಡವನು ಸುಳ್ಳು ಹೇಳಬಹುದು. ಅದಕ್ಕಿಂತ ಕೆಟ್ಟದ್ದೆಂದರೆ, ಅವನು ನಿಜವನ್ನೇ ಹೇಳಿ, ನಾನು ನಂಬದೇ ಹೋಗಬಹುದು.

ಹತ್ತು ರೂಪಾಯಿಯ ಒಂದು ಕಾರ್ಡಿಗೆ ಇಷ್ಟು.

ಕಾರ್ಡು ಎಂದರೆ ಬಬಲ್‌ಗಮ್ಮಿನ ಜೊತೆ ಬರುತ್ತಿತ್ತಲ್ಲ, ಕ್ರಿಕೆಟ್ ಆಟಗಾರರದ್ದು, ಅದು. ಮುಂದೆ ಚಿತ್ರ, ಹಿಂದೆ ರನ್ನು, ವಿಕೆಟ್ಟು. ಗಮ್ಮು ಅಗಿದ ಹಲ್ಲುಗಳು ಒಂದೊಂದಾಗಿ ಹುಳುಕು ಹಿಡಿದು ಹೋದವು, ಕಾರ್ಡುಗಳು ಮಾತ್ರ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ನನ್ನ ಜೊತೆ ಮಾನ್ವಿಯಿಂದ ರಾಯಚೂರಿಗೆ ಬಂದು, ನಾನು ಹತ್ತಿ ಗಿರಣಿಯ ಕಚೇರಿಗೆ ಸೇರಿ, ಮದುವೆಯಾಗಿ, ತಲೆಗೂದಲು ಕಳೆದುಕೊಳ್ಳುವುದನ್ನೆಲ್ಲ ನೋಡಿದವು. ಅಂಥವನ್ನು ಕೊಳ್ಳುವವರು ಈಗ ಮೊಬೈಲಿನಲ್ಲಿ ಗುಂಪು ಕಟ್ಟಿಕೊಂಡಿದ್ದಾರೆ. ಚಿತ್ರ ಹಾಕಿ ಬೆಲೆ ಬರೆದರೆ ಸಾಕು. ಒಳ್ಳೆಯ ಸ್ಥಿತಿಯ ಕಾರ್ಡುಗಳಿಗೆ ಒಳ್ಳೆಯ ಬೆಲೆ ಇದೆಯಂತೆ. ನನ್ನವು ಆಡಿ ಸವೆದವು. ಅವುಗಳ ಸ್ಥಿತಿ ಹೆಚ್ಚುಕಡಿಮೆ ನನ್ನ ಸ್ಥಿತಿಯೇ.

ಮಾರುವುದರಲ್ಲಿ ದಣಿವಿಲ್ಲ, ಕಳಿಸುವುದರಲ್ಲಿ ಇದೆ. ಹತ್ತು ರೂಪಾಯಿ ಎಂದರೆ ಆ ಕಡೆಯವನು ‘ಬ್ರದರ್, ಫಿಕ್ಸ್’ ಎನ್ನುತ್ತಾನೆ. ಕೊರಿಯರ್ ಖರ್ಚು ಸೇರಿಸಿ ಹೇಳಿದರೆ ಬ್ರದರ್ ಅಲ್ಲಿಗೇ ಮಾಯ. ಕೊರಿಯರಿನವರಿಗೆ ಕಾರ್ಡೂ ಒಂದೇ, ಕಬ್ಬಿಣದ ಸಲಾಕೆಯೂ ಒಂದೇ. ಅವರ ಕನಿಷ್ಠ ದರಕ್ಕೆ ನನ್ನ ಅರ್ಧ ತಂಡ ಮಾರಬೇಕು. ಸ್ಪೀಡ್ ಪೋಸ್ಟಾದರೆ ಲಕೋಟೆ ಎಲ್ಲಿದೆ ಎಂದು ಕೂತಲ್ಲೇ ನೋಡಬಹುದು, ಆದರೆ ನೋಡುವ ಆ ಸುಖಕ್ಕೆ ಕಾರ್ಡಿಗಿಂತ ಹೆಚ್ಚು ತೆರಬೇಕು. ರಿಜಿಸ್ಟರ್ ಮಾಡಿಸೋಣ ಎಂದು ಹೋದರೆ ಕೌಂಟರಿನ ಮೇಡಂ, “ಅದು ಈಗ ಸ್ಪೀಡ್ ಪೋಸ್ಟಿನಾಗ ಕೂಡಿಬಿಟ್ಟದರೀ ಸರ್” ಎಂದರು. ನಾಲ್ಕೈದು ಕಾರ್ಡು ಒಟ್ಟಿಗೆ ಕೊಂಡರೆ ಖರ್ಚು ಹಂಚಿಹೋಗುತ್ತದೆ ಎಂದು ಗಿರಾಕಿಗಳಿಗೆ ತಿಳಿಹೇಳಿದೆ. ಪ್ರತಿಯೊಬ್ಬನಿಗೂ ಬೇಕಾದದ್ದು ಒಂದೇ ಕಾರ್ಡು. ಕೊನೆಗೆ ಉಳಿದದ್ದು ಸಾದಾ ಲಕೋಟೆ: ಇಪ್ಪತ್ತು ಗ್ರಾಮಿನೊಳಗೆ, ಐದು ರೂಪಾಯಿ ಚೀಟಿ. ಹಾಕಿದ ಮೇಲೆ ಅದು ಎಲ್ಲಿದೆ ಎಂದು ಕೇಳುವ ಹಾಗಿಲ್ಲ. ಮಗುವೊಂದನ್ನೇ ಬಸ್ಸು ಹತ್ತಿಸಿ ಕೈಬೀಸಿದ ಹಾಗೆ. ದಾರಿಯಲ್ಲಿ ಕಾರ್ಡು ಬಾಗದಿರಲಿ ಎಂದು ಅದರ ಬೆನ್ನಿಗೆ ಒಂದು ದಪ್ಪ ಹಾಳೆ ಬೇಕು. ದಪ್ಪ ಹಾಳೆ ನಮ್ಮ ಮನೆಯಲ್ಲಿ ಎರಡು ಡಬ್ಬದ ತುಂಬ ಇತ್ತು.

ಅದು ನನ್ನ ಮಗಳು ನಂದಾಳ ಲಗ್ನಪತ್ರಿಕೆ.

ಆ ಮದುವೆ ನಡೆಯಲಿಲ್ಲ. ಪತ್ರಿಕೆ ಅಚ್ಚಾಗಿ ಬಂದು, ನನ್ನ ಹೆಂಡತಿ ಗಿರಿಜಾ ಮೊದಲ ಕಟ್ಟಿನ ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿ ಒಣಗಲು ಇಟ್ಟಿದ್ದಳು. ಅಷ್ಟರಲ್ಲಿ ಹುಡುಗನ ಕಡೆಯವರು ಒಂದು ಫೋನಿನಲ್ಲಿ ಎಲ್ಲ ಮುಗಿಸಿದರು. ನಂದಾ ಅಳಲಿಲ್ಲ. ಮರುದಿನ ಎಂದಿನಂತೆ ಊಟದ ಡಬ್ಬಿ ಕಟ್ಟಿಕೊಂಡು ತಾನು ಕೆಲಸ ಮಾಡುವ ರಕ್ತ ತಪಾಸಣೆಯ ಲ್ಯಾಬಿಗೆ ಹೋದಳು. ಆದರೆ ಅವತ್ತಿನಿಂದ ನಗುವುದನ್ನೂ ಬಿಟ್ಟಳು. ನಾವೂ ಆ ಮಾತು ಎತ್ತಲಿಲ್ಲ. ಎತ್ತದ ಮಾತೆಲ್ಲ ಆ ಎರಡು ಡಬ್ಬದಲ್ಲಿ ತುಂಬಿ ಮಂಚದ ಕೆಳಗೆ ಕೂತಿತು.

ಅವನ್ನು ಏನು ಮಾಡಬೇಕು ಹೇಳಿ. ರದ್ದಿಗೆ ಹಾಕಿದರೆ ನಾಳೆ ಯಾವುದಾದರೂ ಬಂಡಿಯಲ್ಲಿ ಮಿರ್ಚಿ ಕಟ್ಟಿಕೊಡುವ ಕಾಗದದ ಮೇಲೆ ನನ್ನ ಮಗಳ ಹೆಸರು, ಎಣ್ಣೆಯಲ್ಲಿ ನೆನೆದು. ಕೃಷ್ಣೆಗೆ ಬಿಟ್ಟರೆ ಹೊಳೆ ಅವನ್ನು ಯಾವ ನೆಂಟರ ಊರಿನ ದಂಡೆಗೆ ಹಚ್ಚುತ್ತದೋ. ಸುಡೋಣವೆಂದರೆ ಗಿರಿಜಾ ಬಿಡಲಿಲ್ಲ. “ಮ್ಯಾಲೆ ದೇವರದಾನ, ಕೆಳಗ ಮಗಳದಾಳ. ಯಾರನ್ನ ಸುಡ್ತೀರಿ?” ಎಂದಳು. ಡಬ್ಬಗಳನ್ನು ಮತ್ತೆ ಮಂಚದ ಕೆಳಗೆ ದೂಡಿದೆ.

ಪತ್ರಿಕೆ ಅಷ್ಟು ದಪ್ಪವಿದ್ದದ್ದು ಖಾಸಿಂನ ಪ್ರೀತಿಯಿಂದ. ಖಾಸಿಂ ಎಂದರೆ ಮಾನ್ವಿಯಲ್ಲಿ ನನ್ನ ಜೊತೆ ಓದಿದವನು, ಅದಕ್ಕಿಂತ ಹೆಚ್ಚಾಗಿ ನನ್ನ ಜೊತೆ ಗಮ್ಮು ಅಗಿದವನು. ಅವರ ಅಬ್ಬಾ ಬಸ್‌ಸ್ಟ್ಯಾಂಡಿನ ಹಿಂದೆ ಕಾಲಲ್ಲಿ ತುಳಿಯುವ ಪ್ರೆಸ್ಸು ಇಟ್ಟಿದ್ದರು. ನಮ್ಮ ಲಗ್ನಪತ್ರಿಕೆ, ಅವರ ಶಾದಿಯ ರುಕ್ಕಾ, ಎಲ್ಲ ಆ ಒಂದೇ ಮಸಿಯಲ್ಲಿ. ಬೇಸಿಗೆ ರಜೆಗೆ ಖಾಸಿಂ ಸಿರವಾರಕ್ಕೆ, ಅವನ ನಾನಿಯ ಮನೆಗೆ ಹೋಗಿಬಿಡುತ್ತಿದ್ದ. ಆಗ ನಮ್ಮ ಕಾರ್ಡಿನ ವ್ಯವಹಾರ ಬಸ್ಸಿನ ಮೇಲೆ ನಡೆಯುತ್ತಿತ್ತು. ಕಾರ್ಡನ್ನು ಪ್ರೆಸ್ಸಿನಲ್ಲಿ ಕತ್ತರಿಸಿ ಬಿದ್ದ ದಪ್ಪ ಹಾಳೆಯ ನಡುವೆ ಇಟ್ಟು ಲಕೋಟೆಗೆ ಹಾಕಿ ಡ್ರೈವರಿನ ಕೈಗೆ ಕೊಡುವುದು. ಆ ಕಡೆ ಖಾಸಿಂ ಸ್ಟ್ಯಾಂಡಿನಲ್ಲಿ ಕಾಯುವುದು. ಮೊದಲೆರಡು ಸಲ ಡ್ರೈವರ್ ಮರೆತು ಸೀಟಿನ ಕೆಳಗೆ ಎಸೆದ. ಉಪಾಯ ಹೊಳೆದದ್ದು ಖಾಸಿಂಗೆ.

“ಮೂಲಿಗೆ ಹಲ್ದಿ ಹಚ್ಚು ಬೇ. ಹಲ್ದಿ ಹಚ್ಚಿದ್ದು ಯಾರೂ ಕೆಳಗ ಒಗಿಯಂಗಿಲ್ಲ.”

ಅರಿಶಿನ ಹಚ್ಚಿದೆ. ಡ್ರೈವರ್ ಲಕೋಟೆಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು ದೇವರ ಪಟಕ್ಕೆ ಒರಗಿಸಿಟ್ಟ. ಆ ಬೇಸಿಗೆ ನಮ್ಮ ಒಂದು ಕಾರ್ಡೂ ಕಳೆಯಲಿಲ್ಲ. ಕೊನೆಕೊನೆಗೆ ಡ್ರೈವರಿಗೂ ಸಂಶಯ ಬಂತು.

“ಯಾರ ಮದುವೀಲೇ ಇದು?”

“ನಮ್ಮ ಕಾಕಾಂದ್ರೀ.”

“ಹೋದ ವಾರನೂ ನಿಮ್ಮ ಕಾಕಾಂದ ಇತ್ತಲ್ಲಲೇ. ಈ ಬಿಸಲಾಗ ಎಷ್ಟು ಸಲ ಆಗ್ತಾನವ?”

ಖಾಸಿಂ ಈಗಲೂ ಮಾನ್ವಿಯಲ್ಲೇ ಇದ್ದಾನೆ. ತುಳಿಯುವ ಪ್ರೆಸ್ಸು ಹೋಗಿ ಬಣ್ಣದ ಫ್ಲೆಕ್ಸು ಮಾಡುವ ಮಷೀನು ಬಂದಿದೆ. ನಂದಾಳ ಪತ್ರಿಕೆ ತಾನೇ ಅಚ್ಚು ಹಾಕುತ್ತೇನೆ ಎಂದು ಹಟ ಹಿಡಿದ. “ನಮ್ಮ ನಂದಾಂದು ಯಾರ್. ಹಲ್ಕಾ ಕಾಗಜ್ ನಕ್ಕೋ” ಎಂದು ಅಂಗಡಿಯಲ್ಲಿದ್ದ ಅತಿ ದಪ್ಪದ ಹಾಳೆ ಆರಿಸಿದ. ಮದುವೆ ನಿಂತದ್ದು ಅವನಿಗೆ ಗೊತ್ತು. ಹಾಳೆಯನ್ನು ನಾನು ಯಾವುದಕ್ಕೆ ಬಳಸುತ್ತಿದ್ದೇನೆ ಎಂದು ಗೊತ್ತಿರಲಿಲ್ಲ.

ಇಷ್ಟು ಹೇಳಿದ ಮೇಲೆ ನೀವು ಊಹಿಸಿಯೇ ಇರುತ್ತೀರಿ. ನನಗೆ ಕಾರ್ಡು ಮಾರುವುದು ಅಷ್ಟೇನೂ ಮುಖ್ಯವಿರಲಿಲ್ಲ. ಒಂದು ಲಕೋಟೆ ಹೋದರೆ ಅರ್ಧ ಪತ್ರಿಕೆ ಮನೆಯಿಂದ ಹೋಗುತ್ತಿತ್ತು. ಹುಬ್ಬಳ್ಳಿಗೆ ಅರ್ಧ, ಗುಂತಕಲ್ಲಿಗೆ ಅರ್ಧ. ನಂದಾಳಿಗೆ ತಿಳಿಯದಂತೆ, ಯಾರೂ ಒಂದು ಮಾತಾಡದೆ ಅದು ಖಾಲಿಯಾಗಿಬಿಟ್ಟರೆ, ಒಂದು ದಿನ ಮಂಚದ ಕೆಳಗೆ ಬರಿ ನೆಲ ಕಂಡರೆ, ಈ ಮನೆಯಲ್ಲಿ ಯಾರಾದರೂ ಮತ್ತೆ ನಕ್ಕಾರು ಎಂಬ ಲೆಕ್ಕಾಚಾರ. ಅದಕ್ಕೇ ಹತ್ತು ರೂಪಾಯಿಯ ಕಾರ್ಡನ್ನು ಐದಕ್ಕೂ ಬಿಟ್ಟದ್ದುಂಟು. ಅಂಚೆ ಖರ್ಚು ನನ್ನದೇ ಎಂದದ್ದೂ ಉಂಟು. ಗುಂಪಿನಲ್ಲಿ ನನ್ನನ್ನು ಧರ್ಮಾತ್ಮನೆಂದು ಕರೆಯತೊಡಗಿದ್ದರು.

ಕತ್ತರಿಸುವುದಕ್ಕೂ ಒಂದು ನೇಮವಿತ್ತು. ಯಾವ ತುಂಡಿನಲ್ಲೂ ಹೆಸರು ಇಡಿಯಾಗಿ ಉಳಿಯಬಾರದೆಂದು ಸರಿಯಾಗಿ ನಂದಾ ಎಂಬಲ್ಲೇ ಕತ್ತರಿ ಆಡಿಸುತ್ತಿದ್ದೆ. ಕೈ ಪ್ರತಿಸಲ ಅಲ್ಲಿಗೆ ಬಂದಾಗ ನಿಲ್ಲುತ್ತಿತ್ತು. ಆಮೇಲೆ ಆಡುತ್ತಿತ್ತು.

ದೇವದುರ್ಗದ ಹುಸೇನಪ್ಪ ಎಂಬುವರಿಗೆ ಎಡಗೈ ಬೌಲರನೊಬ್ಬನ ಕಾರ್ಡು ಬೇಕಾಗಿತ್ತು. ಭಾನುವಾರ ಮಧ್ಯಾಹ್ನ, ನಂದಾ ಗೆಳತಿಯ ಮನೆಗೆ ಹೋಗಿದ್ದಳು. ಅವಳು ಹಿಟ್ಟು ತೂಗಲು ತಂದಿಟ್ಟ ಪುಟ್ಟ ತಕ್ಕಡಿಯನ್ನು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟುಕೊಂಡು ತೂಕ ನೋಡುತ್ತಿದ್ದೆ. ಅರಿಶಿನ ಹಚ್ಚಿದ ಕಟ್ಟನ್ನು ಅಲ್ಲಿಯವರೆಗೆ ಮುಟ್ಟಿರಲಿಲ್ಲ. ಅವತ್ತು ಅದೇ ಕೈಗೆ ಬಂತು. ಕತ್ತರಿ ಇಡುವಷ್ಟರಲ್ಲಿ ಗೇಟಿನ ಚಿಲಕ ಸದ್ದಾಯಿತು. ನಂದಾ ಬೇಗ ಬಂದಿದ್ದಳು. ಹೆಸರು ಗಿಸರು ನೋಡದೆ ಅಡ್ಡಡ್ಡ ಕತ್ತರಿಸಿ, ತುರುಕಿ, ಅಂಟಿಸಿ, ಉಳಿದದ್ದನ್ನು ಡಬ್ಬಕ್ಕೆ ದೂಡಿ, ಲಕೋಟೆಯನ್ನು ಅಂಗಿಯೊಳಗೆ ಇಟ್ಟುಕೊಂಡು, “ಸುಮ್ನ ಹಿಂಗ ಅಡ್ಡಾಡಿ ಬರ್ತೀನಿ” ಎಂದು ಹೊರಬಿದ್ದೆ. ಅಂಚೆಪೆಟ್ಟಿಗೆಯಿಂದ ಮನೆಯವರೆಗೆ ನಾನು ಪಟ್ಟ ಚಿಂತೆಗಳನ್ನು ಆಗಲೇ ಹೇಳಿದೆ.

ಮುಂದಿನ ಭಾನುವಾರ ನಾನು ಅರ್ಧ ಮುಖಕ್ಕೆ ಸೋಪು ಬಳಿದುಕೊಂಡು ಕನ್ನಡಿಯ ಮುಂದೆ ನಿಂತಿದ್ದೆ. ಬಾಗಿಲು ಬಡಿದ ಸದ್ದು. ನಂದಾ ತೆರೆದಳು.

“ಯವ್ವಾ, ಮದುವಿ ಮನಿ ಇದೇ ಏನು?”

“ಯಾರ ಮದುವಿ ಕಾಕಾ?”

“ಯಾರೋ ನಂದಾ ಅಂತ. ನಾನು ದೇವದುರ್ಗದಾಗ ಹೊಲಿಗಿ ಅಂಗಡಿ ಇಟ್ಟೀನಿ, ಹುಸೇನಪ್ಪ ಅಂತಾರ. ನಿಮ್ಮ ಯಜಮಾನ್ರು ಪತ್ರಿಕಿ ಕಳಿಸ್ಯಾರ ನೋಡು, ಅರಿಷಿಣ ಹಚ್ಚಿ. ಗುರ್ತಿಲ್ಲ, ಪರಿಚಯಿಲ್ಲ, ಫೋನಿನಾಗ ಎರಡು ಮಾತು ಆಡಿದ್ದಕ್ಕ ಮಗಳ ಮದುವಿಗೆ ಕರದಾರ. ಈಗಿನ ಕಾಲದಾಗ ಯಾರು ಕರೀತಾರ? ಆದ್ರ ಬಂದದ್ದು ಅರ್ಧಾನ ಅದ, ತಾರೀಕೇ ಇಲ್ಲ. ದಾರ, ಗುಂಡಿ ತರಾಕ ರಾಯಚೂರಿಗೆ ಬಂದಿದ್ದೆ, ಲಕೋಟಿ ಮ್ಯಾಲಿನ ವಿಳಾಸ ಹಿಡದು ಕೇಳಿಕೊಂಡ ಹೋಗಾಮಂತ…”

ಸೋಪು ಮುಖದ ಮೇಲೆ ಒಣಗುವುದು ನನಗೆ ತಿಳಿಯುತ್ತಿತ್ತು. ಕನ್ನಡಿಯಲ್ಲಿ ನಂದಾ ಆ ತುಂಡನ್ನು ಕೈಗೆ ತೆಗೆದುಕೊಂಡದ್ದು ಕಂಡಿತು. ಅಷ್ಟು ತಿಂಗಳು ಯಾವುದು ಅವಳ ಕಣ್ಣಿಗೆ ಬೀಳಬಾರದೆಂದು ಹೆಣಗಿದ್ದೆನೋ ಅದನ್ನು ನಾನೇ ಚೀಟಿ ಹಚ್ಚಿ ದೇವದುರ್ಗಕ್ಕೆ ಕಳಿಸಿ ತಿರುಗಿ ಅವಳ ಕೈಗೆ ತರಿಸಿದ್ದೆ.

“ನಂದಾ ಅಂದ್ರ ನಾನ ಕಾಕಾ,” ಎಂದಳು ನಿಧಾನಕ್ಕೆ. “ಆ ಮದುವಿ ಆಗಲಿಲ್ಲ.”

ಹುಸೇನಪ್ಪ ಅವಳನ್ನೊಮ್ಮೆ, ತಮ್ಮ ಕೈಚೀಲವನ್ನೊಮ್ಮೆ ನೋಡಿದರು.

“ಆಗಲಿಲ್ಲೇನು… ಹೋಗಲಿ ಬಿಡು. ಕರದದ್ದಂತೂ ಕರದಾರ, ನಾನು ಬಂದದ್ದಂತೂ ಬಂದೀನಿ. ಈ ಖಣ ಹೊಳ್ಳಿ ತೊಗೊಂಡು ಹೋದ್ರ ನನ್ನಾಕಿ ಮನ್ಯಾಗ ಕರಕೊಳ್ಳಂಗಿಲ್ಲ. ಹಿಡಿ.”

“ಮದುವೀನ ಇಲ್ಲ, ಖಣ ಯಾಕ ಕಾಕಾ?”

“ಅದರಾಗ ಮದುವಿ ಅಂತ ಎಲ್ಲಿ ಬರದದ? ಜಾಕೀಟಿನ ಅರಿವಿ ಅದು. ಅಳತಿದೊಂದು ಕೊಡು, ಹೊಲದು ಬಸ್ಸಿನಾಗ ಕಳಿಸ್ತೀನಿ. ಅಂಚಿಯಾಗಂದ್ರ ಖರ್ಚು ಭಾಳ ಬರ್ತದ.”

ನಂದಾಳ ನಗು ಕೇಳಿಸಿತು. ಮೊದಲು ಸಣ್ಣಗೆ ಮೂಗಿನಲ್ಲಿ, ಆಮೇಲೆ ಬಾಗಿಲ ಚೌಕಟ್ಟು ಹಿಡಿದುಕೊಂಡು. ಅಡುಗೆಮನೆಯಿಂದ ಗಿರಿಜಾ ಓಡಿ ಬಂದಳು, ಮಗಳು ಅಳುತ್ತಿದ್ದಾಳೆಂದು ತಿಳಿದು. ಕಣ್ಣಲ್ಲಿ ನೀರೇನೋ ಇತ್ತು.

“ಅಪ್ಪಾ, ಏ ಅಪ್ಪಾ, ಬಾ ಇಲ್ಲೆ. ಎಷ್ಟು ಊರಿಗೆ ಕರದೀಯೋ ನನ್ನ ಮದುವಿಗೆ?”

ಅರ್ಧ ಸೋಪು ಬಳಿದ ಮುಖ ಹೊತ್ತು ಹೋಗಿ ನಿಂತೆ. “ಕಾರ್ಡು ಬಾಗಬಾರದಂತ…” ಎಂದೆ.

“ದಿನಾ ಮಂಚದ ಕೆಳಗ ಕಸಾ ಹೊಡಿಯಾಕಿ ನಾನು. ಡಬ್ಬ ಹಗರ ಆಗಾಕತ್ತಿದ್ದು ನನಗ ತಿಳಿಯಂಗಿಲ್ಲೇನು? ನೀನು ಹೇಳ್ತೀ ಅಂತ ನಾನು ಕಾದೆ, ನಾನು ಕೇಳ್ತೀನಂತ ನೀನು ಹೆದರಿದಿ.”

ಹುಸೇನಪ್ಪ ಚಹಾ ಕುಡಿದರು. ಗಿರಿಜಾ ಅಳತೆಯ ರವಿಕೆ ಕೊಟ್ಟಳು. ಚಪ್ಪಲಿ ಮೆಟ್ಟುವಾಗ ಅವರು ಸಂಕೋಚದಿಂದ ನನ್ನ ಕಡೆ ತಿರುಗಿದರು.

“ಅಂದಂಗ ಸಾಹೇಬ್ರ, ಮದುವಿ ಗದ್ದಲದಾಗ ಇರ್ತಾರ, ಆಮ್ಯಾಲೆ ಕಳಿಸ್ತಾರಂತ ಸುಮ್ಕಿದ್ದೆ. ನನ್ನ ಕಾರ್ಡು?”

ಈಗ ಕತ್ತರಿಸುವ ಕೆಲಸ ನಂದಾಳದು. ಹೆಸರಿನ ಮೇಲೆ ಅವಳ ಕತ್ತರಿ ನಿಲ್ಲುವುದಿಲ್ಲ. ನನ್ನ ಹಾಗೆ ಸೊಟ್ಟಗೂ ಓಡುವುದಿಲ್ಲ. ಒಂದು ಡಬ್ಬ ಖಾಲಿಯಾಗಿ ಅದರಲ್ಲಿ ಉಳ್ಳಾಗಡ್ಡಿ ಕೂತಿದೆ. ಸುದ್ದಿ ಕೇಳಿದ ಖಾಸಿಂ ಫೋನಿನಲ್ಲಿ ಕೆಮ್ಮು ಬರುವವರೆಗೆ ನಕ್ಕು, “ಹಲ್ದಿ ಹಚ್ಚಿದ್ದು ಯಾರೂ ಒಗಿಯಂಗಿಲ್ಲಂತ ಹೇಳಿದ್ನಿಲ್ಲೋ?” ಎಂದ. ನನ್ನ ಚಿಂತೆಗಳು ಹಾಗೇ ಇವೆ, ಇವತ್ತು ಬೆಳಿಗ್ಗೆಯೂ ಜೊತೆಗೇ ಅಂಚೆಪೆಟ್ಟಿಗೆಯವರೆಗೆ ನಡೆದುಬಂದವು. ಆದರೆ ಲಕೋಟೆಯ ಬಾಯಿ ಮುಚ್ಚುವ ಮೊದಲು ನಂದಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ಇಣುಕಿ, “ಹೂಂ, ಅದ” ಎಂದು ಹೇಳಿಯೇ ಕೊಡುತ್ತಾಳೆ.

ಯಾಕೆಂದರೆ ದೇವದುರ್ಗದ ಲಕೋಟೆಯ ಚೀಟಿ ಉದುರಿರಲಿಲ್ಲ. ಗೋಂದು ಸಡಿಲಾಗಿರಲಿಲ್ಲ, ತೂಕ ಹೆಚ್ಚಾಗಿರಲಿಲ್ಲ, ಮಳೆಯೂ ಬಂದಿರಲಿಲ್ಲ. ನನ್ನ ಅಕ್ಷರ ಕೂಡ ಯಾರೋ ಪುಣ್ಯಾತ್ಮರಿಗೆ ತಿಳಿದಿತ್ತು. ಎಡಗೈ ಬೌಲರನ ಒಂದು ಮೂಲೆಯೂ ಮಡಚಿರಲಿಲ್ಲ. ಅವನು ಇಡೀ ವಾರ ನಮ್ಮ ಅಡುಗೆಮನೆಯ ತಕ್ಕಡಿಯ ಕೆಳಗೆ ಅಂಗಾತ ಮಲಗಿದ್ದ. ಅವನನ್ನು ಲಕೋಟೆಯೊಳಗೆ ಹಾಕುವುದನ್ನೇ ನಾನು ಮರೆತಿದ್ದೆ.